ಮೂಗಿಗಿಂತ ಮೂಗುತಿ ಭಾರ

ನ್ಯೂಯಾರ್ಕ್‌ನಲ್ಲಿ ನಡುರಾತ್ರಿ ಹನ್ನೆರಡು ಹೊಡೆದಾಗ ಬೆಂಗಳೂರಿನ ವಿಜಯನಗರದಲ್ಲಿ ಬೆಳಗ್ಗೆ ಒಂಬತ್ತೂವರೆ. ನವೆಂಬರಿನಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಿಟ್ಟುಕೊಂಡ ಮೇಲೆ ಹತ್ತೂವರೆ. ಶಾಲೆಯ ಭೂಗೋಳದ ಲೆಕ್ಕ ಇದು, ಹೊಸದೇನಲ್ಲ. ಆದರೆ ಬಸವೇಶ್ವರನಗರದಲ್ಲೋ ಕೆಂಗೇರಿ ಉಪನಗರದಲ್ಲೋ ಆಫೀಸ್ ಲ್ಯಾಪ್‌ಟಾಪ್ ತೆರೆದು ಕೂತವರ ದಿನದ ಮೊದಲ ಗಂಟೆ ಏಕೆ ಹಾಳಾಗುತ್ತದೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಲೆಕ್ಕದಲ್ಲೇ ಇದೆ. ಕಡಲಾಚೆಯ ಕೇಂದ್ರ ಕಚೇರಿಯಲ್ಲಿ ಯಾರೋ ಒಬ್ಬರು, ಕೆಲಸ ಮಾಡುವವರಿಗೆ ತೊಂದರೆಯಾಗದಿರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ, ವೈರಸ್ ಸ್ಕ್ಯಾನ್‌ಗೂ ಅಪ್‌ಡೇಟ್‌ಗೂ ನಡುರಾತ್ರಿಯ ಹೊತ್ತು ಗೊತ್ತು ಮಾಡಿರುತ್ತಾರೆ. ಅವರ ನಡುರಾತ್ರಿ ನಮ್ಮ ಸ್ಟ್ಯಾಂಡ್‌ಅಪ್ ಮೀಟಿಂಗಿನ ಹೊತ್ತು. ಲ್ಯಾಪ್‌ಟಾಪಿನ ಫ್ಯಾನ್ ಗುಂಯ್‌ಗುಡುತ್ತದೆ, ಟೈಪ್ ಮಾಡಿದ ಅಕ್ಷರ ತಡವಾಗಿ ಮೂಡುತ್ತದೆ, ಮೀಟಿಂಗಿನಲ್ಲಿ ಮಾತು ತುಂಡುತುಂಡಾಗುತ್ತದೆ. ಹೆಲ್ಪ್‌ಡೆಸ್ಕಿಗೆ ಟಿಕೆಟ್ ಹಾಕಿದರೆ ‘ರೀಸ್ಟಾರ್ಟ್ ಮಾಡಿ ನೋಡಿ’ ಎಂಬ ಉತ್ತರ ಬರುತ್ತದೆ. ರೀಸ್ಟಾರ್ಟ್ ಆಗಿ ಮೇಲೇಳುವಷ್ಟರಲ್ಲಿ ಸ್ಕ್ಯಾನ್ ನಿಂತಿರುತ್ತದೆ, ಟಿಕೆಟ್ ಕ್ಲೋಸ್ ಆಗುತ್ತದೆ. ಮರುದಿನ ಮತ್ತೆ ಅದೇ ಕಥೆ.

ಸ್ಕ್ಯಾನ್ ವೇಳೆಯನ್ನು ಭಾರತದ ರಾತ್ರಿಗೇ ಹೊಂದಿಸಿಟ್ಟ ಕಂಪನಿಗಳೂ ಇವೆ. ಅಲ್ಲಿಯೂ ತೊಂದರೆ ತಪ್ಪುವುದಿಲ್ಲ. ಕಾರಣ, ರಾತ್ರಿ ಸ್ಕ್ಯಾನ್ ಎಂಬ ಪದ್ಧತಿ ಹುಟ್ಟಿದ್ದು ಆಫೀಸಿನ ಮೇಜಿನ ಮೇಲೇ ಹಗಲಿರುಳು ಆನ್ ಆಗಿರುತ್ತಿದ್ದ ಡೆಸ್ಕ್‌ಟಾಪ್ ಕಾಲದಲ್ಲಿ. ಇವತ್ತಿನ ಯಂತ್ರ ರಾತ್ರಿ ಬ್ಯಾಗಿನಲ್ಲಿ ಮಡಚಿಕೊಂಡು ಮಲಗಿರುತ್ತದೆ. ತಪ್ಪಿಹೋದ ಸ್ಕ್ಯಾನನ್ನು, ಯಂತ್ರ ಎಚ್ಚರವಾದ ಕೂಡಲೇ ಮುಗಿಸಿಬಿಡು ಎಂದು ಎಷ್ಟೋ ಕಡೆ ನಿಯಮವಿರುತ್ತದೆ. ಹಾಗಾಗಿ ರಾತ್ರಿಯ ಬಾಕಿ ಬೆಳಗಿನ ತಲೆಗೆ ಬರುತ್ತದೆ. 2020ರ ಮಾರ್ಚ್‌ನ ಲಾಕ್‌ಡೌನ್ ಇದನ್ನು ಊರಿಗೆಲ್ಲ ಹಂಚಿತು. ಅದಕ್ಕೆ ಮೊದಲು ಕಾಲ್‌ ಸೆಂಟರ್, ಬಿಪಿಒ ಕೆಲಸವನ್ನು ಮನೆಯಿಂದ ಮಾಡಿಸಬೇಕಾದರೆ ದೂರಸಂಪರ್ಕ ಇಲಾಖೆಯ ಕಟ್ಟುನಿಟ್ಟಿನ ಷರತ್ತುಗಳಿದ್ದವು. ಆ ಮಾರ್ಚ್‌ನಲ್ಲಿ ತಾತ್ಕಾಲಿಕವಾಗಿ ಸಡಿಲವಾದ ಷರತ್ತುಗಳು ನವೆಂಬರ್ 5ರ ಹೊಸ ಮಾರ್ಗಸೂಚಿಯಲ್ಲಿ ಬಹುಪಾಲು ಹೊರಟೇಹೋದವು. ಬಳಿಕ ಆಫೀಸಿಗೆ ಮರಳಿದವರೂ ವಾರಕ್ಕೆ ಎರಡು ಮೂರು ದಿನ ಮರಳಿದವರೇ ಹೆಚ್ಚು. ಕೆಂಗೇರಿಗೆ ಮೆಟ್ರೊ ಬಂದದ್ದು 2021ರ ಆಗಸ್ಟ್‌ನಲ್ಲಿ. 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಲ್ಲಿ ಹತ್ತಿದವರು 43 ಕಿಲೊಮೀಟರ್ ದಾಟಿ ವೈಟ್‌ಫೀಲ್ಡಿನಲ್ಲೇ ಇಳಿಯಬಹುದು. ನೇರಳೆ ಮಾರ್ಗದ ಆ ಪ್ರಯಾಣದಲ್ಲಿ ಎದೆಗವಚಿ ಹಿಡಿದ ಬ್ಯಾಗುಗಳಲ್ಲಿ ಎಷ್ಟೋ ಲ್ಯಾಪ್‌ಟಾಪ್‌ಗಳು ತಪ್ಪಿಹೋದ ಸ್ಕ್ಯಾನಿನ ಸಾಲ ಹೊತ್ತು ಕೂತಿರುತ್ತವೆ.

ಇನ್ನರ್ಧ ಉತ್ತರ ಯಂತ್ರದ ಒಳಗಿದೆ. ವಿಂಡೋಸ್‌ನಲ್ಲಿ ಒಂದು ಫೈಲ್ ತೆರೆಯಿರಿ ಎಂದು ಯಾವುದೇ ಪ್ರೋಗ್ರಾಂ ಕೇಳಿದರೂ ಆ ಕೋರಿಕೆ ನೇರವಾಗಿ ಡಿಸ್ಕಿಗೆ ಹೋಗುವುದಿಲ್ಲ. ದಾರಿಯಲ್ಲಿ ಮಿನಿಫಿಲ್ಟರ್ ಎಂಬ ಕಾವಲುಗಾರರು ಮಹಡಿ ಮಹಡಿಯಾಗಿ ನಿಂತಿರುತ್ತಾರೆ. ಯಾರು ಯಾವ ಮಹಡಿಯಲ್ಲಿ ನಿಲ್ಲಬೇಕು ಎಂಬುದಕ್ಕೆ ಮೈಕ್ರೋಸಾಫ್ಟ್ ‘ಆಲ್ಟಿಟ್ಯೂಡ್’ ಎಂಬ ಸಂಖ್ಯೆ ಹಂಚುತ್ತದೆ. ಆಂಟಿವೈರಸ್ ಒಂದು ಮಹಡಿ. ಯಂತ್ರದ ಚಲನವಲನ ಗಮನಿಸಿ ದಾಳಿ ಗುರುತಿಸುವ ಇಡಿಆರ್ ಇನ್ನೊಂದು. ಗುಟ್ಟಿನ ದಾಖಲೆ ಹೊರಹೋಗದಂತೆ ತಡೆಯುವ ಡಿಎಲ್‌ಪಿ ಮತ್ತೊಂದು. ಇವಲ್ಲದೆ ಯಾವ ಸಾಫ್ಟ್‌ವೇರ್ ಹಾಕಿಕೊಂಡಿದ್ದೀರಿ ಎಂದು ಪಟ್ಟಿ ಮಾಡುವ ಏಜೆಂಟ್, ಪ್ಯಾಚ್ ಹಾಕುವ ಏಜೆಂಟ್, ವಿಪಿಎನ್, ಪ್ರಾಕ್ಸಿ. ಮದುವೆ ಛತ್ರದ ಬಾಗಿಲಲ್ಲಿ ಒಬ್ಬರು ಪನ್ನೀರು ಚಿಮುಕಿಸಿ, ಇನ್ನೊಬ್ಬರು ಗಂಧ ಹಚ್ಚಿ, ಮಗದೊಬ್ಬರು ಕಲ್ಲುಸಕ್ಕರೆ ಕೊಡುವುದು ಚೆಂದವೇ. ಇನ್ನೂರು ಜನ ಬಂದರೆ ಸಾಲು ಸಲೀಸಾಗಿ ಸರಿಯುತ್ತದೆ. ನಲವತ್ತು ಸಾವಿರ ಜನ ಬಂದರೆ ಮುಹೂರ್ತ ಮೀರುತ್ತದೆ. ಪ್ರೋಗ್ರಾಮರ್‌ಗಳ ಪಾಡು ಈ ಎರಡನೆಯದು. ಜಾವಾಸ್ಕ್ರಿಪ್ಟ್‌ನ ಒಂದು ಸಾಧಾರಣ ಪ್ರಾಜೆಕ್ಟಿನಲ್ಲೂ ಹತ್ತಾರು ಸಾವಿರ ಪುಟಾಣಿ ಫೈಲುಗಳಿರುತ್ತವೆ. ಬಿಲ್ಡ್ ಮಾಡಿದಾಗಲೆಲ್ಲ ಅವು ಒಂದೊಂದಾಗಿ ಬಾಗಿಲು ದಾಟಬೇಕು. ಒಂದು ಫೈಲಿಗೆ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ತಡವಾದರೂ ಒಟ್ಟು ಸೇರಿ ನಿಮಿಷಗಳಾಗುತ್ತವೆ. ಹಾರ್ಡ್‌ಡಿಸ್ಕ್ ಎನ್‌ಕ್ರಿಪ್ಷನ್ನನ್ನು ಬೈಯುವವರು ಬಹಳ. ನಿಜ ಹೇಳಬೇಕೆಂದರೆ ಅದಕ್ಕೆ ಬೇಕಾದ ಗಣಿತವನ್ನು ಇವತ್ತಿನ ಪ್ರೊಸೆಸರ್‌ಗಳು ತಮ್ಮೊಳಗೇ ಮಾಡಿಕೊಳ್ಳುವುದರಿಂದ ಹೆಚ್ಚಿನ ಸಲ ಅಪರಾಧಿ ಅದಲ್ಲ. ಹೊರೆ ಬೀಳುವುದು ಬಾಗಿಲ ಸಾಲಿನಲ್ಲಿ.

ಒಂದು ಸೂಕ್ಷ್ಮ ಇಲ್ಲಿದೆ. ಇಡೀ ದಿನ ಇಮೇಲ್, ಎಕ್ಸೆಲ್, ಪವರ್‌ಪಾಯಿಂಟ್‌ನಲ್ಲಿ ಕಳೆಯುವವರು ತೆರೆಯುವ ಫೈಲುಗಳೇ ಕಡಿಮೆ. ಅವರಿಗೆ ಈ ಸಾಲು ಕಾಣುವುದೇ ಇಲ್ಲ. ನಿಯಮ ಬರೆಯುವವರು, ಅದಕ್ಕೆ ಸಹಿ ಹಾಕುವವರು, ಆಡಿಟ್ ಮಾಡುವವರು ಹೆಚ್ಚಾಗಿ ಈ ಗುಂಪಿನವರು. ಅವರ ಲ್ಯಾಪ್‌ಟಾಪ್ ಚೆನ್ನಾಗಿಯೇ ಓಡುತ್ತದೆ. ‘ನನಗೇನೂ ತೊಂದರೆಯಿಲ್ಲವಲ್ಲ’ ಎಂದು ಅವರು ಹೇಳುವುದು ಸುಳ್ಳಲ್ಲ. ಮೋಸ ಮಾಡುವ ಉದ್ದೇಶ ಯಾರಿಗೂ ಇಲ್ಲದೆಯೂ ಒಂದು ನಿಯಮದ ಬೆಲೆ ಅದನ್ನು ಮಾಡಿದವರ ಕಣ್ಣಿಗೆ ಬೀಳದೆ ಹೋಗುವುದು ಹೀಗೆ. ಈ ಲೇಖನದ ವಾದವೂ ಇಷ್ಟೇ: ಆಫೀಸ್ ಲ್ಯಾಪ್‌ಟಾಪ್ ತೆವಳುವುದಕ್ಕೆ ಭದ್ರತೆ ಕಾರಣವಲ್ಲ, ಭದ್ರತೆಗೆ ತೆರುವ ಸಮಯವನ್ನು ಯಾರೂ ಲೆಕ್ಕಕ್ಕೆ ಹಿಡಿಯದಿರುವುದು ಕಾರಣ.

ಬೆಂಗಳೂರಿನ ಸೇವಾ ಕಂಪನಿಗಳಲ್ಲಿ ಈ ಬೆಲೆ ದುಪ್ಪಟ್ಟಾಗುತ್ತದೆ. ಮೈಸೂರು ರಸ್ತೆಯ ಪಟ್ಟಣಗೆರೆ ಬಳಿಯ ಗ್ಲೋಬಲ್ ವಿಲೇಜಿನಂಥ ಟೆಕ್ ಪಾರ್ಕ್‌ಗಳಲ್ಲಿ ನಡೆಯುವ ಕೆಲಸದ ದೊಡ್ಡ ಪಾಲು ಬೇರೆ ದೇಶದ ಕ್ಲೈಂಟ್‌ಗಳದ್ದು. ಲ್ಯಾಪ್‌ಟಾಪ್ ತನ್ನ ಕಂಪನಿಯ ನಿಯಮಕ್ಕೂ ಬಗ್ಗಬೇಕು, ಕ್ಲೈಂಟಿನ ನಿಯಮಕ್ಕೂ ಬಗ್ಗಬೇಕು. ಬಹಳ ಸಲ ಅದು ಬರೀ ಕಿಟಕಿಯಾಗಿಬಿಡುತ್ತದೆ: ವಿಪಿಎನ್ ಮೂಲಕ ಒಳಹೋಗಿ, ಅಮೆರಿಕದ ಯಾವುದೋ ಡೇಟಾ ಸೆಂಟರಿನಲ್ಲಿರುವ ವರ್ಚುವಲ್ ಡೆಸ್ಕ್‌ಟಾಪನ್ನು ಇಲ್ಲಿಂದ ಇಣುಕಿ ನೋಡುತ್ತಾ ಕೆಲಸ ಮಾಡಬೇಕು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೊಮೀಟರ್ ಓಡುತ್ತದೆ. ಅಮೆರಿಕದ ಪೂರ್ವ ಕರಾವಳಿ ಇಲ್ಲಿಂದ ಹದಿಮೂರು ಸಾವಿರ ಕಿಲೊಮೀಟರಿಗೂ ದೂರ. ಹೋಗಿ ಬರುವುದಕ್ಕೆ ಕನಿಷ್ಠ 130 ಮಿಲಿಸೆಕೆಂಡ್. ಕೇಬಲ್ ನೇರವಾಗಿ ಹೋಗುವುದಿಲ್ಲವಾದ್ದರಿಂದ ವಾಸ್ತವದಲ್ಲಿ ಇನ್ನೂರು ದಾಟುತ್ತದೆ. ಒತ್ತಿದ ಪ್ರತಿ ಅಕ್ಷರಕ್ಕೂ ಈ ಪ್ರಯಾಣ. ಅದು ಭೌತಶಾಸ್ತ್ರ, ಅದನ್ನು ಯಾವ ಟಿಕೆಟ್ಟೂ ಸರಿಪಡಿಸದು. ಸರಿಪಡಿಸಬಹುದಾದ ಸುತ್ತುದಾರಿಗಳು ಬೇರೆ ಇವೆ. ಮುಂಬೈನಲ್ಲಿರುವ ಸರ್ವರಿನ ಪುಟವೊಂದನ್ನು ರಾಜಾಜಿನಗರದ ಮನೆಯಲ್ಲಿ ತೆರೆಯುವಾಗ ಅದು ಸಿಂಗಪುರದ ಪ್ರಾಕ್ಸಿ ಮುಟ್ಟಿ ಬರುವುದೆಂದರೆ ಕೆಂಗೇರಿಯಿಂದ ಉತ್ತರಹಳ್ಳಿಗೆ ಹೋಗಲು ಮೈಸೂರು ಸುತ್ತಿ ಬಂದಂತೆ. 2020ರಲ್ಲಿ ಎಲ್ಲರೂ ಏಕಕಾಲಕ್ಕೆ ವಿಪಿಎನ್ ಹತ್ತಿದಾಗ, ವಿಡಿಯೊ ಕರೆಯಂಥ ದಟ್ಟಣೆಯನ್ನು ವಿಪಿಎನ್‌ನ ಹೊರಗಿಂದಲೇ ನೇರ ಬಿಡಿ ಎಂದು ಮೈಕ್ರೋಸಾಫ್ಟ್ ತನ್ನ ಗ್ರಾಹಕರಿಗೆ ಸಲಹೆ ಕೊಟ್ಟಿತ್ತು. ಎಷ್ಟೋ ಕಂಪನಿಗಳು ಇವತ್ತಿಗೂ ಆ ಒಂದು ಸೆಟ್ಟಿಂಗ್ ಬದಲಿಸಿಲ್ಲ.

ಸೆಕೆಂಡುಗಳ ಈ ಜಿಪುಣತನ ಅತಿಯಾಯಿತಲ್ಲವೆ ಎನ್ನಿಸಬಹುದು. 1982ರಲ್ಲಿ ಐಬಿಎಂನ ವಾಲ್ಟರ್ ಡೋಹರ್ಟಿ ಮತ್ತು ಅಹರ್ವಿಂದ್ ಥಡಾನಿ ಇದನ್ನೇ ಪರಿಶೀಲಿಸಿ ಬರೆದರು. ಕಂಪ್ಯೂಟರ್ ಎರಡು ಸೆಕೆಂಡಿನೊಳಗೆ ಉತ್ತರಿಸಿದರೆ ಸಾಕು ಎಂಬುದು ಅಲ್ಲಿಯವರೆಗಿನ ನಂಬಿಕೆ. ಅವರು ಕಂಡದ್ದು ಬೇರೆ: ಯಂತ್ರದ ಉತ್ತರ ಒಂದು ಸೆಕೆಂಡಿಗಿಂತ ಕೆಳಗಿಳಿದಾಗ ಕೆಲಸದ ವೇಗ ಉಳಿದ ಸಮಯಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಏರುತ್ತದೆ. ಕಾಯುವ ಆ ಕ್ಷಣದಲ್ಲಿ ತಲೆಯೊಳಗಿನ ಎಳೆ ತುಂಡಾಗುತ್ತದೆ. ಅದನ್ನು ಹುಡುಕಿ ಗಂಟು ಹಾಕುವುದಕ್ಕೆ ಮತ್ತಷ್ಟು ಹೊತ್ತು ಬೇಕು. ಅಂದಾಜಿಗೆ ದಿನಕ್ಕೆ ಇಪ್ಪತ್ತು ನಿಮಿಷ ಎಂದಿಟ್ಟುಕೊಳ್ಳಿ. ವರ್ಷದ 220 ಕೆಲಸದ ದಿನಗಳಿಗೆ 73 ಗಂಟೆ, ಅಂದರೆ ಎಂಟು ಗಂಟೆಯ ಒಂಬತ್ತು ದಿನ. ಯುಗಾದಿಯಿಂದ ದೀಪಾವಳಿಯವರೆಗೆ ಸಿಗುವ ಹಬ್ಬದ ರಜೆಗೆ ಹೆಚ್ಚೂಕಡಿಮೆ ಸಮ. ಐದು ಸಾವಿರ ಜನರ ಕಂಪನಿಯಲ್ಲಿ ಪ್ರತಿದಿನ ಇನ್ನೂರು ಜನ ಬಂದು ಸುಮ್ಮನೆ ಕೂತು ಹೋದಷ್ಟು. ಇನ್ನೂರು ಜನ ಹಾಗೆ ಕೂತಿದ್ದರೆ ಯಾವ ಮ್ಯಾನೇಜರ್ ಸುಮ್ಮನಿರುತ್ತಿದ್ದ? ಸುಮ್ಮನಿರುವುದಕ್ಕೆ ಕಾರಣ, ಈ ನಷ್ಟ ಕಂಪನಿಯ ಪುಸ್ತಕದಲ್ಲಿ ಬರುವುದೇ ಇಲ್ಲ. ಕೊಟ್ಟ ಕೆಲಸ ಮುಗಿಯಲೇಬೇಕಾದ್ದರಿಂದ ಆ ಇಪ್ಪತ್ತು ನಿಮಿಷ ನೌಕರರ ಸಂಜೆಯ ಖಾತೆಗೆ ಬೀಳುತ್ತದೆ. 2024ರ ಜುಲೈನಲ್ಲಿ ಐಟಿ ವಲಯದಲ್ಲಿ ದಿನಕ್ಕೆ 14 ಗಂಟೆಯವರೆಗೆ ದುಡಿಸಿಕೊಳ್ಳಲು ದಾರಿ ಮಾಡುವ, ರಾಜ್ಯದ ಕಾಯ್ದೆಯ ತಿದ್ದುಪಡಿಯ ಪ್ರಸ್ತಾವ ಸುದ್ದಿಯಾದಾಗ ನೌಕರರ ಸಂಘಟನೆ ಕೆಐಟಿಯು ಜೋರಾಗಿ ವಿರೋಧಿಸಿತು. ಗಂಟೆಗಳ ಆ ಜಗಳದಲ್ಲಿ, ಈಗಿರುವ ಗಂಟೆಗಳಲ್ಲೇ ಎಷ್ಟು ಮರಳುಗಡಿಯಾರ ನೋಡುವುದರಲ್ಲಿ ಹೋಗುತ್ತಿದೆ ಎಂಬ ಮಾತು ಯಾರ ಬಾಯಲ್ಲೂ ಅಷ್ಟಾಗಿ ಬರಲಿಲ್ಲ.

ಎದುರು ವಾದ ಹಗುರವಾದದ್ದಲ್ಲ. ಭದ್ರತಾ ವಿಭಾಗದವರು ಹೆದರುವುದಕ್ಕೆ ಕಾರಣಗಳಿವೆ, ಅವು ನಮ್ಮೂರಿನವೇ. ಸರ್ಜಾಪುರ ರಸ್ತೆಯಲ್ಲಿ ಮುಖ್ಯ ಕಚೇರಿಯಿರುವ ವಿಪ್ರೊ, ತನ್ನ ಕೆಲವು ನೌಕರರ ಖಾತೆಗಳು ಫಿಶಿಂಗ್ ದಾಳಿಗೆ ಸಿಕ್ಕಿದ್ದನ್ನು 2019ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡಿತು. ದಾಳಿಕೋರರು ಅಲ್ಲಿಂದ ಅದರ ಗ್ರಾಹಕ ಕಂಪನಿಗಳ ಕಡೆಗೆ ಜಿಗಿಯಲು ನೋಡುತ್ತಿದ್ದರು ಎಂದು ಆಗಿನ ವರದಿಗಳು ಹೇಳಿದವು. 2023ರ ನವೆಂಬರ್‌ನಲ್ಲಿ ಇನ್ಫೊಸಿಸ್‌ನ ಅಮೆರಿಕದ ಅಂಗಸಂಸ್ಥೆ ಮೆಕ್‌ಕ್ಯಾಮಿಶ್ ಮೇಲೆ ದಾಳಿಯಾಗಿ ಅರವತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೋರಿತು. ಸೇವಾ ಕಂಪನಿಯ ಒಂದು ಲ್ಯಾಪ್‌ಟಾಪ್ ನೂರು ಮನೆಗಳ ಬೀಗದ ಕೈ ಗೊಂಚಲು ಹೊತ್ತಿರುತ್ತದೆ. ಕಾನೂನೂ ಬಿಗಿಯಾಗಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ದಾಳಿಯ ಸುಳಿವು ಸಿಕ್ಕ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ತಕ್ಕ ಭದ್ರತೆ ಇಟ್ಟುಕೊಳ್ಳದೆ ಮಾಹಿತಿ ಸೋರಿಸಿದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಇಷ್ಟೆಲ್ಲ ತಲೆಯ ಮೇಲೆ ತೂಗುತ್ತಿರುವಾಗ ಬಿಲ್ಡ್ ನಾಲ್ಕು ನಿಮಿಷ ತಡವಾಯಿತು ಎಂಬ ಗೊಣಗಾಟಕ್ಕೆ ಯಾರು ಕಿವಿಗೊಡುತ್ತಾರೆ?

ಆದರೂ ಆ ಕಾಯ್ದೆಯನ್ನೂ ಆ ನಿರ್ದೇಶನವನ್ನೂ ಓದಿ ನೋಡಿ. ಒಂದೇ ಫೈಲನ್ನು ಮೂರು ಏಜೆಂಟುಗಳಿಂದ ಮೂರು ಸಲ ತಪಾಸಿಸಿ ಎಂದು ಎಲ್ಲಿಯೂ ಇಲ್ಲ. ಬೆಳಗ್ಗೆ ಒಂಬತ್ತೂವರೆಗೇ ಸ್ಕ್ಯಾನ್ ಮಾಡಿ ಎಂದಂತೂ ಇಲ್ಲವೇ ಇಲ್ಲ. ಏನನ್ನು ಕಾಪಾಡಬೇಕು ಎಂಬುದನ್ನು ಕಾನೂನು ಹೇಳುತ್ತದೆ. ಹೇಗೆ ಎಂಬುದನ್ನು ಕಂಪನಿ ಆರಿಸಿಕೊಳ್ಳುತ್ತದೆ. ಆರಿಸಿಕೊಂಡದ್ದು ತಪ್ಪಿರಬಹುದು ಎಂಬುದಕ್ಕೆ ಪಾಸ್‌ವರ್ಡ್ ಕಥೆಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಪಾಸ್‌ವರ್ಡನ್ನು ಆಗಾಗ ಬದಲಿಸಬೇಕು, ಅದರಲ್ಲಿ ದೊಡ್ಡಕ್ಷರ, ಅಂಕಿ, ಚಿಹ್ನೆ ಇರಲೇಬೇಕು ಎಂಬ ನಿಯಮ ಜಗತ್ತಿನಾದ್ಯಂತ ಹಬ್ಬಿದ್ದರಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್‌ನ 2003ರ ಮಾರ್ಗಸೂಚಿಯ ಪಾತ್ರ ದೊಡ್ಡದು. ಅದನ್ನು ಬರೆದ ಬಿಲ್ ಬರ್, 2017ರಲ್ಲಿ, ತಾನು ಬರೆದದ್ದರಲ್ಲಿ ಬಹುಪಾಲಿಗೆ ಈಗ ಪಶ್ಚಾತ್ತಾಪವಿದೆ ಎಂದು ಪತ್ರಿಕೆಗೆ ಹೇಳಿದರು. ಅಷ್ಟರಲ್ಲಿ ಪುರಾವೆ ಹೊರಬಿದ್ದಿತ್ತು. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ 7,700ಕ್ಕೂ ಹೆಚ್ಚು ಖಾತೆಗಳ ಹಳೆಯ ಪಾಸ್‌ವರ್ಡ್‌ಗಳನ್ನು ಪರಿಶೀಲಿಸಿದಾಗ, ಹಿಂದಿನ ಪಾಸ್‌ವರ್ಡ್ ಗೊತ್ತಿದ್ದರೆ ಶೇ 17ರಷ್ಟು ಖಾತೆಗಳ ಹೊಸದನ್ನು ಐದು ಯತ್ನಗಳೊಳಗೆ ಊಹಿಸಬಹುದಿತ್ತು. ಜನ ಮಾಡುತ್ತಿದ್ದದ್ದು ಇಷ್ಟೇ: ಕೊನೆಯ 1 ಅನ್ನು 2 ಮಾಡುವುದು. 2017ರಲ್ಲಿ ನಿಸ್ಟ್ ನಿಯಮ ಕೈಬಿಟ್ಟಿತು, 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಶಿಫಾರಸಿನಿಂದ ಆಗಾಗ ಬದಲಿಸುವ ಷರತ್ತನ್ನು ತೆಗೆದುಹಾಕಿತು. ಒಂದೂವರೆ ದಶಕ ಕೋಟ್ಯಂತರ ಜನ ಮೂರು ತಿಂಗಳಿಗೊಮ್ಮೆ ಪಟ್ಟ ಪಾಡು ಬಹುಮಟ್ಟಿಗೆ ವ್ಯರ್ಥ ಎಂದಾಯಿತು. ನಮ್ಮಲ್ಲಿ ಇನ್ನೂ ಎಷ್ಟೋ ಆಫೀಸುಗಳಲ್ಲಿ ‘ನಿಮ್ಮ ಪಾಸ್‌ವರ್ಡ್ ಅವಧಿ ಏಳು ದಿನಗಳಲ್ಲಿ ಮುಗಿಯಲಿದೆ’ ಎಂಬ ಮೇಲ್ ಬರುವುದು ನಿಂತಿಲ್ಲ. ನಿಯಮ ಹಾಕುವುದು ಸುಲಭ. ತೆಗೆದರೆ ನಾಳೆ ಏನಾದರೂ ಆದೀತು, ಆಗ ನನ್ನ ಹೆಸರು ಬಂದೀತು ಎಂಬ ಭಯ ಅದನ್ನು ಉಳಿಸುತ್ತದೆ.

ಕಾವಲು ಹೆಚ್ಚಿದಷ್ಟೂ ಕ್ಷೇಮ ಹೆಚ್ಚು ಎಂಬ ನಂಬಿಕೆಗೂ ಒಂದು ದಿನಾಂಕದ ಪೆಟ್ಟು ಬಿದ್ದಿದೆ. 2024ರ ಜುಲೈ 19, ಶುಕ್ರವಾರ, ಬೆಳಗ್ಗೆ 9 ಗಂಟೆ 39 ನಿಮಿಷ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ತನ್ನ ಫಾಲ್ಕನ್ ಏಜೆಂಟಿಗೆ ಒಂದು ಪುಟ್ಟ ಅಪ್‌ಡೇಟ್ ಕಳಿಸಿತು. ನ್ಯೂಯಾರ್ಕ್‌ನಲ್ಲಿ ಆಗ ನಡುರಾತ್ರಿ ಹನ್ನೆರಡು ದಾಟಿ ಒಂಬತ್ತು ನಿಮಿಷ, ಮತ್ತದೇ ಲೆಕ್ಕ. ಪ್ರೋಗ್ರಾಂ ಇಪ್ಪತ್ತು ಮಾಹಿತಿಗಳನ್ನು ಮಾತ್ರ ಸಿದ್ಧವಾಗಿಟ್ಟುಕೊಂಡಿದ್ದ ಕಡೆ ಹೊಸ ಫೈಲು ಇಪ್ಪತ್ತೊಂದನೆಯದನ್ನು ಕೇಳಿತು, ಅಷ್ಟೇ. ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಕಂಪನಿ 78 ನಿಮಿಷದಲ್ಲಿ ಅಪ್‌ಡೇಟ್ ಹಿಂತೆಗೆದುಕೊಂಡರೂ ಬಿದ್ದ ಯಂತ್ರಗಳು ತಾವಾಗಿ ಏಳಲಿಲ್ಲ. ಬೆಂಗಳೂರು ಸೇರಿ ದೇಶದ ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ಅಸ್ತವ್ಯಸ್ತವಾಗಿ, ಕೆಲವು ಕಡೆ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದ ಯಂತ್ರಗಳನ್ನು ಎಬ್ಬಿಸಲು 48 ಅಂಕಿಗಳ ಬಿಟ್‌ಲಾಕರ್ ಕೀ ಬೇಕಿತ್ತು; ಮನೆಯಲ್ಲಿ ಕೂತ ನೌಕರ ಹೆಲ್ಪ್‌ಡೆಸ್ಕಿನವರು ಫೋನಿನಲ್ಲಿ ಓದಿ ಹೇಳಿದ್ದನ್ನು ಒಂದೊಂದೇ ಅಂಕಿಯಾಗಿ ಒತ್ತಬೇಕಿತ್ತು. ಇದು ಮೊದಲನೆಯದೂ ಅಲ್ಲ. 2010ರ ಏಪ್ರಿಲ್ 21ರಂದು ಮೆಕಫಿ ಆಂಟಿವೈರಸ್, ವಿಂಡೋಸ್ ಎಕ್ಸ್‌ಪಿಯದೇ ಒಂದು ಮುಖ್ಯ ಫೈಲನ್ನು ವೈರಸ್ ಎಂದು ತಿಳಿದು ಹಿಡಿದುಹಾಕಿ ಲೆಕ್ಕವಿಲ್ಲದಷ್ಟು ಕಂಪ್ಯೂಟರ್‌ಗಳನ್ನು ಕೆಡವಿತ್ತು. ಹೀಗೆಂದು ಏಜೆಂಟುಗಳೇ ಬೇಡವೆನ್ನುವುದು ಮೂರ್ಖತನ. ಆದರೆ ಯಂತ್ರದ ಗರ್ಭಗುಡಿಯೊಳಗೆ ಸೇರಿಸಿಕೊಳ್ಳುವ ಪ್ರತಿ ಹೊಸ ಏಜೆಂಟೂ ತಾನೇ ಒಂದು ಅಪಾಯವನ್ನೂ ಹೊತ್ತು ತರುತ್ತದೆ. ಎಂಟನೆಯದನ್ನು ಸೇರಿಸುವಾಗಲಾದರೂ ಮೊದಲಿನ ಏಳರಲ್ಲಿ ಯಾವುದನ್ನು ತೆಗೆಯಬಹುದು ಎಂದು ಕೇಳಬೇಕಲ್ಲ.

ನಿಧಾನ ತಾನೇ ಅಭದ್ರತೆಯನ್ನು ಹುಟ್ಟಿಸುವುದು ಇನ್ನೂ ಗಂಭೀರ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಆನ್ ಆಡಮ್ಸ್ ಮತ್ತು ಏಂಜೆಲಾ ಸಾಸೆ 1999ರಲ್ಲೇ, ಬಳಕೆದಾರ ಶತ್ರುವಲ್ಲ ಎಂಬರ್ಥದ ತಲೆಬರಹದ ಪ್ರಬಂಧದಲ್ಲಿ, ಜನ ನಿಯಮ ಮುರಿಯುವುದು ಹೆಚ್ಚಾಗಿ ಸೋಮಾರಿತನದಿಂದಲ್ಲ, ನಿಯಮ ಅವರ ಕೆಲಸಕ್ಕೆ ಅಡ್ಡ ನಿಂತಾಗ ಎಂದು ತೋರಿಸಿದ್ದರು. 2008ರಲ್ಲಿ ಸಾಸೆ ಮತ್ತು ಸಂಗಡಿಗರು ಅದಕ್ಕೊಂದು ಲೆಕ್ಕದ ರೂಪ ಕೊಟ್ಟರು: ನಿಯಮ ಪಾಲಿಸಲು ಪ್ರತಿಯೊಬ್ಬ ನೌಕರನಲ್ಲೂ ಇಂತಿಷ್ಟೇ ತಾಳ್ಮೆಯ ಬಜೆಟ್ ಇರುತ್ತದೆ, ಅದನ್ನು ಚಿಲ್ಲರೆ ನಿಯಮಗಳಿಗೆ ಖರ್ಚು ಮಾಡಿಸಿದರೆ ದೊಡ್ಡದಕ್ಕೆ ಉಳಿಯುವುದಿಲ್ಲ. ಬೆಂಗಳೂರಿನ ಯಾವ ಆಫೀಸಿನಲ್ಲಾದರೂ ಇದನ್ನು ಕಾಣಬಹುದು. ಫೈಲ್ ಅಪ್‌ಲೋಡ್ ಆಗದಿದ್ದರೆ ಸ್ವಂತ ಜಿಮೇಲ್‌ಗೆ ಹೋಗುತ್ತದೆ. ಸ್ಕ್ರೀನಿನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಾಕಲಾಗುತ್ತದೆ. ತಡರಾತ್ರಿ ಡೆಲಿವರಿ ಇದ್ದರೆ ಕೋಡ್ ಮನೆಯ ಸ್ವಂತ ಲ್ಯಾಪ್‌ಟಾಪಿಗೆ ಜಾರುತ್ತದೆ. ಕಾವಲಿದ್ದ ಬಾಗಿಲಿನಿಂದ ಕಾವಲೇ ಇಲ್ಲದ ಹಿತ್ತಿಲಿಗೆ ಜನರನ್ನು ಓಡಿಸಿದ್ದು ಆ ಕಾವಲೇ. ಮೈಕ್ರೋಸಾಫ್ಟ್ ರಿಸರ್ಚಿನ ಕಾರ್ಮಕ್ ಹರ್ಲಿ 2009ರಲ್ಲಿ ಹಾಕಿದ ಲೆಕ್ಕ ಇನ್ನೂ ಒರಟು: ಅಮೆರಿಕದ 18 ಕೋಟಿ ಅಂತರ್ಜಾಲ ಬಳಕೆದಾರರ ಒಂದೊಂದು ಗಂಟೆಯನ್ನು ಕನಿಷ್ಠ ಕೂಲಿಯ ಎರಡರಷ್ಟಕ್ಕೆ ಹಿಡಿದರೂ 260 ಕೋಟಿ ಡಾಲರ್ ಆಗುತ್ತದೆ. ಭದ್ರತೆಯ ಉಪದೇಶ ಕೊಡುವವರು ಕೇಳುವವರ ಸಮಯವನ್ನು ಬಿಟ್ಟಿ ಎಂದು ತಿಳಿದಿದ್ದಾರೆ ಎಂಬುದು ಅವನ ಆಕ್ಷೇಪ. ಮೂಗಿಗಿಂತ ಮೂಗುತಿ ಭಾರ ಎಂದು ನಾವು ಒಂದೇ ಸಾಲಿನಲ್ಲಿ ಹೇಳಿಬಿಡುತ್ತೇವೆ; ಅವನು ತಕ್ಕಡಿ ತಂದು ತೂಗಿದ.

ಹಾಗಾದರೆ ಒಳ್ಳೆಯ ಲ್ಯಾಪ್‌ಟಾಪ್ ಕೊಡಿಸಿದರೆ ಮುಗಿಯಿತಲ್ಲ ಎಂಬುದು ಇನ್ನೊಂದು ಮಾತು. ಅರ್ಧ ಸರಿ. 8 ಜಿಬಿ ಮೆಮೊರಿಯ ಯಂತ್ರದಲ್ಲಿ ಟೀಮ್ಸ್, ಕ್ರೋಮ್, ಐದಾರು ಏಜೆಂಟ್ ಒಟ್ಟಿಗೆ ಕೂರಿಸಿದರೆ ಉಸಿರುಗಟ್ಟುವುದು ಸಹಜ. 16 ಜಿಬಿ ಮಾಡಿದರೆ ಬಹಳಷ್ಟು ಗೊಣಗಾಟ ಅಲ್ಲೇ ನಿಲ್ಲುತ್ತದೆ. ನೌಕರರೂ ಪೂರ್ತಿ ಮುಗ್ಧರಲ್ಲ. ಅರವತ್ತು ಟ್ಯಾಬ್ ತೆರೆದಿಟ್ಟು, ಹದಿನೈದು ದಿನ ರೀಸ್ಟಾರ್ಟ್ ಮಾಡದೆ, ಆಂಟಿವೈರಸ್ಸನ್ನು ಬೈಯುವವರಿಗೆ ಕೊರತೆಯಿಲ್ಲ. ಆದರೆ ಬಾಗಿಲಲ್ಲಿ ಒಬ್ಬೊಬ್ಬರನ್ನೇ ಬಿಡುವ ಸಾಲಿಗೆ ಛತ್ರ ದೊಡ್ಡದಾದರೇನು ಪ್ರಯೋಜನ? ವೇಗದ ಪ್ರೊಸೆಸರ್ ಸಾಲನ್ನು ಒಂದಿಷ್ಟು ಸರಿಸೀತು, ಸಾಲೇ ಇಲ್ಲದಂತೆ ಮಾಡದು. ಸ್ಕ್ಯಾನ್ ಮಾಡಬೇಕಿಲ್ಲದ ಫೋಲ್ಡರ್‌ಗಳಿಗೆ ಎಕ್ಸೆಪ್ಷನ್ ಕೊಡಿ ಎಂದರೆ ಭದ್ರತಾ ವಿಭಾಗ ಹಿಂಜರಿಯುವುದೂ ನ್ಯಾಯವೇ. ವಿನಾಯಿತಿ ಕೊಟ್ಟ ಫೋಲ್ಡರ್ ಕಳ್ಳನಿಗೆ ಬಿಟ್ಟ ಕೋಣೆ; ಮೈಕ್ರೋಸಾಫ್ಟ್‌ನದೇ ಆಂಟಿವೈರಸ್ ಡಿಫೆಂಡರ್‌ನ ವಿನಾಯಿತಿ ಪಟ್ಟಿಯನ್ನು ವಿಂಡೋಸ್‌ನಲ್ಲಿ ಯಾವ ಸಾಮಾನ್ಯ ಬಳಕೆದಾರನೂ ಓದಬಹುದಾಗಿತ್ತು ಎಂಬುದು 2022ರ ಜನವರಿಯಲ್ಲಿ ಬಯಲಾಗಿತ್ತು. ಆದರೆ ನಡುದಾರಿ ಈಗ ಇದೆ. 2023ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 11ಕ್ಕೆ ಡೆವ್ ಡ್ರೈವ್ ಎಂಬುದನ್ನು ಪ್ರಕಟಿಸಿತು. ಅದರಲ್ಲಿಟ್ಟ ಫೈಲನ್ನು ಡಿಫೆಂಡರ್ ಮೊದಲು ತೆರೆಯಲು ಬಿಟ್ಟು ಆಮೇಲೆ ತಪಾಸಿಸುತ್ತದೆ. ತಪಾಸಣೆ ತಪ್ಪುವುದಿಲ್ಲ, ಕಾಯುವುದು ತಪ್ಪುತ್ತದೆ. ಬಿಲ್ಡ್ ಕೆಲಸದಲ್ಲಿ ಶೇ 30ರವರೆಗೆ ವೇಗ ಸಿಗುತ್ತದೆ ಎಂದು ಕಂಪನಿ ಹೇಳಿಕೊಂಡಿತು. ಮಾರುವವರ ಅಂಕಿಯನ್ನು ಒಂದಿಷ್ಟು ಕಳೆದು ನೋಡಿದರೂ, ಆಂಟಿವೈರಸ್ ಮಾಡುವ ಕಂಪನಿಯೇ ಅದರ ಭಾರವನ್ನು ಒಪ್ಪಿಕೊಂಡಂತಾಯಿತು.

ಹಾಗೆಂದು ಏಜೆಂಟನ್ನು ಕೊಲ್ಲುವ ಉಪಾಯ, ಅಡ್ಮಿನ್ ರೈಟ್ಸ್ ಕದಿಯುವ ದಾರಿಗಳನ್ನು ಹುಡುಕಬೇಡಿ. ಸಿಕ್ಕಿಬಿದ್ದರೆ ಹೋಗುವುದು ನಿಮ್ಮ ಕೆಲಸ. ಸಿಕ್ಕಿಬೀಳದಿದ್ದರೆ ತೊಂದರೆ ಇಲ್ಲವೆಂದು ಕಂಪನಿ ತಿಳಿದುಕೊಳ್ಳುತ್ತದೆ, ಅದು ಇನ್ನೂ ಕೆಟ್ಟದ್ದು. ಬೇಕಿರುವುದು ಅಳತೆ. ‘ಲ್ಯಾಪ್‌ಟಾಪ್ ತುಂಬಾ ಸ್ಲೋ’ ಎಂದು ಟಿಕೆಟ್ ಹಾಕಿದರೆ ಹೆಲ್ಪ್‌ಡೆಸ್ಕಿನ ಹುಡುಗ ತಾನೇ ಏನು ಮಾಡಿಯಾನು? ಅವನ ಕೈಯಲ್ಲಿರುವುದೂ ರೀಸ್ಟಾರ್ಟ್ ಒಂದೇ. ಟಾಸ್ಕ್ ಮ್ಯಾನೇಜರ್ ತೆರೆದು ಒಂದು ವಾರ ಬರೆದಿಡಿ: ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಯಿತು, ಯಾವ ಪ್ರೊಸೆಸ್, ಸಿಪಿಯು ಎಷ್ಟು, ಡಿಸ್ಕ್ ಎಷ್ಟು, ನಾಲ್ಕು ನಿಮಿಷದ ಕೆಲಸಕ್ಕೆ ಎಷ್ಟು ಹಿಡಿಯಿತು. ಕಂಪನಿಯಲ್ಲಿ ಡಿಫೆಂಡರ್ ಇದ್ದರೆ ಅದರಲ್ಲೇ ಪರ್ಫಾರ್ಮೆನ್ಸ್ ಅನಲೈಸರ್ ಎಂಬ ಸಾಧನವಿದೆ, ಯಾವ ಫೈಲಿಗೆ ಎಷ್ಟು ಹೊತ್ತು ತಪಾಸಣೆ ನಡೆಯಿತು ಎಂದು ಸಾಲುಸಾಲಾಗಿ ತೋರಿಸುತ್ತದೆ; ಅದನ್ನು ಓಡಿಸಲು ಅಡ್ಮಿನ್ ಹಕ್ಕು ಬೇಕಾದ್ದರಿಂದ, ಒಮ್ಮೆ ಓಡಿಸಿಕೊಡಿ ಎಂದು ಟಿಕೆಟ್ಟಿನಲ್ಲೇ ಕೇಳಿ. ಒಬ್ಬರೇ ಹಾಕಬೇಡಿ, ಟೀಮಿನ ಹತ್ತು ಜನರ ಅಂಕಿಗಳನ್ನು ಒಟ್ಟುಗೂಡಿಸಿ ಮ್ಯಾನೇಜರ್ ಮೂಲಕ ಕಳಿಸಿ. ಗಂಟೆಗೆ ಇಷ್ಟು ಡಾಲರ್ ಎಂದು ಕ್ಲೈಂಟಿಗೆ ಬಿಲ್ ಹಾಕುವ ಕಂಪನಿಗೆ ಗಂಟೆಯ ಭಾಷೆ ಬೇಗ ಅರ್ಥವಾಗುತ್ತದೆ. ಮೊದಲ ಕೋರಿಕೆ ಚಿಕ್ಕದಿರಲಿ: ಸ್ಕ್ಯಾನಿನ ವೇಳೆಯನ್ನು ಬೆಳಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಒಂದಕ್ಕೆ, ನಮ್ಮ ಊಟದ ಹೊತ್ತಿಗೆ ಬದಲಿಸಿ ಎಂದು ಕೇಳಿ. ಅದಕ್ಕೆ ಹೊಸ ಲ್ಯಾಪ್‌ಟಾಪ್ ಬೇಡ, ಎಕ್ಸೆಪ್ಷನ್ ಬೇಡ, ಒಂದು ರೂಪಾಯಿಯ ಖರ್ಚೂ ಇಲ್ಲ.